ಬಳ್ಳಾರಿ ಹುಡುಗಿ, ಕ್ಯಾಥೊಲಿಕ್ ಯೂನಿವರ್ಸಿಟಿ, ಸೈಕಾಲಜಿ: ಒಬ್ಬ ಅಮ್ಮನ ಅನುಮಾನಗಳಿಗೆ ಉತ್ತರ

ಪ್ರಶ್ನೆ: ಮೇಡಂ, ನಮಸ್ಕಾರ. ನಮ್ಮದು ಬಳ್ಳಾರಿಯ ಕೌಲ್ ಬಜಾರ್. ಜೀನ್ಸ್ ಹೊಲಿಯುವ ಸಣ್ಣ ಯೂನಿಟ್ ಇದೆ, ಹದಿನಾಲ್ಕು ಮಿಷಿನ್. ಮಗಳು ಒಂದನೇ ಕ್ಲಾಸಿನಿಂದ ಕಾನ್ವೆಂಟ್‌ನಲ್ಲೇ ಓದಿದವಳು. ಈಗ ಸೆಕೆಂಡ್ ಪಿಯುಸಿ ಸೈನ್ಸ್. ನೀಟ್ ಬರೆಯಲ್ಲ, ಸೈಕಾಲಜಿ ಓದ್ತೀನಿ ಅಂತ ಹಟ ಹಿಡಿದು ಕೂತಿದ್ದಾಳೆ. ಅದೂ ಬೆಂಗಳೂರಿನಲ್ಲಿ ಪಾದ್ರಿಗಳು ನಡೆಸುವ ಖಾಸಗಿ ಯೂನಿವರ್ಸಿಟಿಯೇ ಆಗಬೇಕಂತೆ. ಮುಂದೆ ಅಮೆರಿಕದಲ್ಲೂ ಅಂಥದೇ ಕ್ಯಾಥೊಲಿಕ್ ರಿಸರ್ಚ್ ಯೂನಿವರ್ಸಿಟಿಗೆ ಹೋಗೋದಂತೆ, ಈಗಲೇ ಹೆಸರೆಲ್ಲ ಬರೆದಿಟ್ಟಿದ್ದಾಳೆ. ನಮ್ಮ ಅತ್ತೆ ‘ಧರ್ಮ ಬದಲಾಯಿಸಿಬಿಡ್ತಾರೆ’ ಅಂತಾರೆ. ಯಜಮಾನರು ‘ಹುಚ್ಚರ ಡಾಕ್ಟರ್ ಆಗೋಕೆ ಅಷ್ಟು ದುಡ್ಡಾ’ ಅಂತಾರೆ. ಅಲ್ಲಿ ಓದು ನಿಜಕ್ಕೂ ಚೆನ್ನಾಗಿರುತ್ತಾ? ಖರ್ಚು ಎಷ್ಟು? ಓದಿ ಬಳ್ಳಾರಿಗೆ ವಾಪಸ್ ಬಂದರೆ ಕೆಲಸ ಅಂತ ಏನಾದರೂ ಇದೆಯಾ? ಇನ್ನೊಂದು, ಕೇಳೋಕೆ ನಗು ಬರುತ್ತೆ, ಹಾಸ್ಟೆಲ್‌ನಲ್ಲಿ ರೊಟ್ಟಿ ಸಿಗುತ್ತಾ? ಇವಳು ಅನ್ನ ಜಾಸ್ತಿ ತಿನ್ನಲ್ಲ.

ಉತ್ತರ: ಅಕ್ಕ, ನಮಸ್ಕಾರ. ನಾನೂ ಹೊಸಪೇಟೆಯವಳು. ಈಗ ವಿಜಯನಗರ ಜಿಲ್ಲೆ ಅಂತಾರೆ, ನಾನು ಓದುವಾಗ ಬಳ್ಳಾರಿ ಜಿಲ್ಲೆಯೇ ಆಗಿತ್ತು. ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗಿ ಪಾದ್ರಿಗಳ ಕಾಲೇಜಿನಲ್ಲೇ ಸೈಕಾಲಜಿ ಎಂ.ಎಸ್ಸಿ. ಮಾಡಿದೆ. ಆಮೇಲೆ ಇಪ್ಪತ್ತು ವರ್ಷ ಅದೇ ವಿಷಯ ಪಾಠ ಮಾಡಿದೆ. ಹಾಗಾಗಿ ನಿಮ್ಮ ಕಾಗದ ಓದಿದಾಗ ನಮ್ಮವ್ವನೇ ಬರೆದಂಗೆ ಅನ್ನಿಸಿತು.

ಮೊದಲು ಯಜಮಾನರ ಮಾತಿಗೆ ಬರ್ತೀನಿ. ‘ಹುಚ್ಚರ ಡಾಕ್ಟರ್’ ಅಂದರೆ ಸೈಕಿಯಾಟ್ರಿಸ್ಟ್. ಅವರು ಎಂ.ಬಿ.ಬಿ.ಎಸ್. ಮಾಡಿ, ಅದರ ಮೇಲೆ ಎಂ.ಡಿ. ಮಾಡಿದವರು, ಮಾತ್ರೆ ಬರೆಯುವವರು. ನಿಮ್ಮ ಮಗಳು ಹೋಗ್ತಿರೋ ದಾರಿ ಬೇರೆ. ಸೈಕಾಲಜಿಸ್ಟ್ ಮಾತ್ರೆ ಬರೆಯಲ್ಲ. ಪರೀಕ್ಷೆ ಮಾಡ್ತಾರೆ, ಅಳೀತಾರೆ, ಮಾತಿನಿಂದ, ಅಭ್ಯಾಸದಿಂದ ಚಿಕಿತ್ಸೆ ಕೊಡ್ತಾರೆ. ‘ಹುಚ್ಚು’ ಅನ್ನೋ ಪದವನ್ನು ನಾನು ಕ್ಲಾಸಿನಲ್ಲಿ ಯಾರಿಗೂ ಬಳಸಲು ಬಿಡ್ತಿರಲಿಲ್ಲ, ಅದು ಬೇರೆ ಮಾತು.

ಆದರೆ ಯಜಮಾನರಿಗೆ ಹೇಳಲೇಬೇಕಾದ ಸಂಗತಿ ಇನ್ನೊಂದಿದೆ. ಈ ವಿಷಯದಲ್ಲಿ ಬಳ್ಳಾರಿಗೆ ದೇಶದಲ್ಲೇ ಒಂದು ಹೆಸರಿದೆ. 1982ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಅಂತ ಘೋಷಿಸಿತು. ಕಾಗದದ ಮೇಲೆ ಚೆನ್ನಾಗಿತ್ತು. ಹಳ್ಳಿಯಲ್ಲಿ ಇದನ್ನು ನಡೆಸೋದು ಹೇಗೆ ಅಂತ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಆಗ ಬೆಂಗಳೂರಿನ ನಿಮ್ಹಾನ್ಸ್‌ನವರು ಒಂದು ಇಡೀ ಜಿಲ್ಲೆಯನ್ನೇ ತಗೊಂಡು ಮಾಡಿ ನೋಡೋಣ ಅಂದರು. ಅವರು ಆರಿಸಿದ್ದು ಬಳ್ಳಾರಿ ಜಿಲ್ಲೆ. 1985ರಿಂದ 1990ರ ತನಕ ಅದು ನಡೆಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟರು. ಕೆಲವೇ ಕೆಲವು ಮಾತ್ರೆಗಳನ್ನು ಆರಿಸಿ ಹಳ್ಳಿ ಆಸ್ಪತ್ರೆಯಲ್ಲೇ ಸಿಗುವಂತೆ ಮಾಡಿದರು. ಮೂರ್ಛೆ ರೋಗದವರು, ಮನಸ್ಸಿನ ಕಾಯಿಲೆಯವರು ಬೆಂಗಳೂರಿಗೋ ಧಾರವಾಡಕ್ಕೋ ಬಸ್ಸು ಹತ್ತದೆ ತಮ್ಮ ಊರ ಹತ್ತಿರವೇ ಚಿಕಿತ್ಸೆ ತಗೊಳ್ಳಬಹುದು ಅಂತ ಅಲ್ಲಿ ಗೊತ್ತಾಯಿತು. ಅದಕ್ಕೆ ‘ಬಳ್ಳಾರಿ ಮಾಡೆಲ್’ ಅಂತಲೇ ಹೆಸರು ಬಿತ್ತು. 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾದದ್ದು ಇದೇ ಮಾದರಿಯಲ್ಲಿ. ಈಗ ಅದು ದೇಶದ ಏಳುನೂರಕ್ಕೂ ಹೆಚ್ಚು ಜಿಲ್ಲೆಗಳಿಗೆ ಹರಡಿದೆ. ಎಲ್ಲೋ ದೂರದ ಪಠ್ಯಪುಸ್ತಕದಲ್ಲಿ ನಿಮ್ಮ ಮಗಳು ‘ಬಳ್ಳಾರಿ’ ಅಂತ ಓದುವ ದಿನ ಬಂದೇ ಬರುತ್ತೆ. ನಾನು ಓದಿದ ದಿನ ಪಕ್ಕದವಳಿಗೆ ಮೊಣಕೈಯಿಂದ ತಿವಿದು ತೋರಿಸಿದ್ದೆ.

ಈಗ ಅತ್ತೆಯವರ ಭಯಕ್ಕೆ ಬರೋಣ. ‘ಖಾಸಗಿ’, ‘ಕ್ಯಾಥೊಲಿಕ್’, ‘ರಿಸರ್ಚ್’ ಅಂತ ಮೂರು ಪದ ನಿಮ್ಮ ಕಾಗದದಲ್ಲಿವೆ. ಮನೆಯವರೆಲ್ಲ ಮಧ್ಯದ ಪದವನ್ನೇ ಹಿಡ್ಕೊಂಡು ಎಳೆದಾಡ್ತಿದ್ದೀರಿ. ನನ್ನ ಅನುಭವದಲ್ಲಿ ಮೂರರಲ್ಲಿ ಕಡಿಮೆ ತಲೆ ಕೆಡಿಸಿಕೊಳ್ಳಬೇಕಾದ ಪದ ಅದೇ.

ನಿಮ್ಮ ಮಗಳು ಹನ್ನೆರಡು ವರ್ಷ ಕಾನ್ವೆಂಟ್‌ನಲ್ಲಿ ಓದಿದ್ದಾಳೆ. ಬೆಳಗಿನ ಪ್ರಾರ್ಥನೆ ಹೇಳಿದ್ದಾಳೆ, ಕ್ರಿಸ್‌ಮಸ್‌ಗೆ ಗೋದಲಿ ನೋಡಿದ್ದಾಳೆ, ಸಿಸ್ಟರ್ ಕೈಯಲ್ಲಿ ಬೈಸಿಕೊಂಡಿದ್ದಾಳೆ. ಮನೆಗೆ ಬಂದು ದುರ್ಗಮ್ಮನ ಗುಡಿಗೂ ಹೋಗಿದ್ದಾಳೆ. ಯೂನಿವರ್ಸಿಟಿಯಲ್ಲಿ ಇದಕ್ಕಿಂತ ಕಡಿಮೆಯೇ ಇರುತ್ತೆ, ಜಾಸ್ತಿ ಅಲ್ಲ. ಕಾನೂನೂ ಇದೆ. ಸಂವಿಧಾನದ 28ನೇ ವಿಧಿಯ ಮೂರನೇ ಭಾಗ ಓದಿ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರುವ ಯಾವ ಸಂಸ್ಥೆಯೂ ವಿದ್ಯಾರ್ಥಿಯನ್ನು ಅವಳ ಒಪ್ಪಿಗೆ ಇಲ್ಲದೆ ಧರ್ಮಬೋಧನೆಗೆ, ಪೂಜೆಗೆ ಕೂರಿಸುವಂತಿಲ್ಲ. ಹದಿನೆಂಟು ತುಂಬದಿದ್ದರೆ ತಂದೆತಾಯಿಯ ಒಪ್ಪಿಗೆ ಬೇಕು. ಬೆಂಗಳೂರಿನ ಇಂಥ ಕ್ಯಾಂಪಸ್‌ಗಳಲ್ಲಿ ಕ್ರೈಸ್ತ ಮಕ್ಕಳಿಗೆ ಬೈಬಲ್ ಅಥವಾ ಧರ್ಮಶಿಕ್ಷಣ ಇದ್ದರೆ, ಉಳಿದವರಿಗೆ ಮೌಲ್ಯ ಶಿಕ್ಷಣ ಅಂತ ಒಂದು ಪೀರಿಯಡ್ ಇರುತ್ತೆ. ಆ ಪೀರಿಯಡ್‌ನಲ್ಲಿ ಅರ್ಧ ಕ್ಲಾಸು ನಿದ್ದೆ ಮಾಡುತ್ತೆ. ನಾನೂ ಮಾಡಿದ್ದೀನಿ.

ಅಮೆರಿಕದ ಕಥೆ ಸ್ವಲ್ಪ ಬೇರೆ, ಅದನ್ನು ಮುಚ್ಚಿಡಲ್ಲ. ಅಲ್ಲಿ ಧರ್ಮದ ಪಾಠ ಸಿಲೆಬಸ್‌ನಲ್ಲೇ ಇರುತ್ತೆ. ಬಾಸ್ಟನ್ ಕಾಲೇಜ್, ಜಾರ್ಜ್‌ಟೌನ್‌ನಂಥ ಜೆಸ್ಯುಯಿಟ್ (ಕ್ಯಾಥೊಲಿಕ್ ಪಾದ್ರಿಗಳ ಒಂದು ಸಂಘ) ಯೂನಿವರ್ಸಿಟಿಗಳಲ್ಲಿ ಡಿಗ್ರಿ ಓದುವ ಎಲ್ಲರೂ ಎರಡು ಫಿಲಾಸಫಿ, ಎರಡು ಥಿಯಾಲಜಿ ಕೋರ್ಸು ಮುಗಿಸಬೇಕು. ಥಿಯಾಲಜಿ ಅಂದರೆ ಮತಾಂತರ ಅಲ್ಲ. ದೇವರು, ಕೆಡುಕು, ಸಾವು ಇವುಗಳ ಬಗ್ಗೆ ಓದಿ, ವಾದ ಮಾಡಿ, ಪ್ರಬಂಧ ಬರೆಯೋದು. ದೇವರಿಲ್ಲ ಅಂತ ಬರೆದರೂ ಮಾರ್ಕ್ಸ್ ಸಿಗುತ್ತೆ, ವಾದ ಗಟ್ಟಿ ಇರಬೇಕು ಅಷ್ಟೇ. ನೋಟರ್ ಡೇಮ್ ಅನ್ನೋ ಇನ್ನೊಂದು ಕ್ಯಾಥೊಲಿಕ್ ಯೂನಿವರ್ಸಿಟಿಯಲ್ಲಿ ಹುಡುಗಿಯರ ಹಾಸ್ಟೆಲ್ ಬೇರೆ, ಹುಡುಗರದ್ದು ಬೇರೆ. ಅಮೆರಿಕದ ಮಕ್ಕಳು ಇದಕ್ಕೆ ಗೊಣಗ್ತಾರೆ. ನಿಮ್ಮ ಅತ್ತೆಯವರಿಗೆ ಇದೊಂದು ಮಾತು ಹೇಳಿ, ಅರ್ಧ ಸಮಾಧಾನ ಆಗ್ತಾರೆ.

ಪಾದ್ರಿಗಳಿಗೂ ಸೈನ್ಸಿಗೂ ಎಲ್ಲಿಯ ಸಂಬಂಧ ಅನ್ನೋರಿಗೆ ಇನ್ನೊಂದು ಸಂಗತಿ. ಪ್ರಯೋಗಾಲಯದ ಸೈಕಾಲಜಿ ಶುರುವಾದದ್ದು 1879ರಲ್ಲಿ, ಜರ್ಮನಿಯ ಲೈಪ್‌ಜಿಗ್‌ನಲ್ಲಿ, ವಿಲ್‌ಹೆಲ್ಮ್ ವುಂಟ್ ಅವರ ಲ್ಯಾಬಿನಲ್ಲಿ. ಆ ವುಂಟ್ ಹತ್ತಿರ ಕಲಿತವರಲ್ಲಿ ಎಡ್ವರ್ಡ್ ಪೇಸ್ ಅನ್ನೋ ಅಮೆರಿಕದ ಕ್ಯಾಥೊಲಿಕ್ ಪಾದ್ರಿಯೂ ಒಬ್ಬರು. 1891ರಲ್ಲಿ ಅಲ್ಲಿ ಡಾಕ್ಟರೇಟ್ ತಗೊಂಡು ಬಂದು, ವಾಷಿಂಗ್‌ಟನ್‌ನ ಕ್ಯಾಥೊಲಿಕ್ ಯೂನಿವರ್ಸಿಟಿ ಆಫ್ ಅಮೆರಿಕದಲ್ಲಿ ಸೈಕಾಲಜಿ ಲ್ಯಾಬ್ ಕಟ್ಟಿದರು. ಆ ದೇಶದ ಹಳೇ ಲ್ಯಾಬ್‌ಗಳಲ್ಲಿ ಅದೂ ಒಂದು. ನ್ಯೂಯಾರ್ಕ್‌ನ ಫೋರ್ಡಮ್ ಕೂಡ ಜೆಸ್ಯುಯಿಟ್ ಯೂನಿವರ್ಸಿಟಿಯೇ. ಅಲ್ಲಿ 1947ರಿಂದ ಮೂವತ್ತು ವರ್ಷಕ್ಕೂ ಮೇಲೆ ಪಾಠ ಮಾಡಿದ ಆನ್ ಅನಸ್ತಾಸಿ, ಮಾನಸಿಕ ಪರೀಕ್ಷೆಗಳನ್ನು ಹೇಗೆ ಕಟ್ಟಬೇಕು, ಹೇಗೆ ನಂಬಬೇಕು ಅಂತ ಇಡೀ ಜಗತ್ತಿಗೆ ಕಲಿಸಿದ ಹೆಂಗಸು. ನಮ್ಮ ಕಡೆ ಎಂ.ಎ. ಮಕ್ಕಳು ಇವತ್ತಿಗೂ ಅವರ ಪುಸ್ತಕ ಜೆರಾಕ್ಸ್ ಮಾಡಿಸ್ತಾರೆ.

ನಮ್ಮ ನಾಡೂ ಹಿಂದೆ ಬಿದ್ದಿರಲಿಲ್ಲ ಅನ್ನೋದು ಮಗಳಿಗೆ ಗೊತ್ತಿರಲಿ. ಮೈಸೂರು ಯೂನಿವರ್ಸಿಟಿಯಲ್ಲಿ 1924ರಲ್ಲೇ ಸೈಕಾಲಜಿ ವಿಭಾಗ ಶುರುವಾಯಿತು. ಅದನ್ನು ಕಟ್ಟಿದವರು ಎಂ.ವಿ. ಗೋಪಾಲಸ್ವಾಮಿ. ಅವರೇ 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ರೇಡಿಯೊ ಕೇಂದ್ರ ಶುರು ಮಾಡಿದವರು. ‘ಆಕಾಶವಾಣಿ’ ಅಂತ ಹೆಸರು ಬಂದದ್ದು ಆ ಕೇಂದ್ರಕ್ಕೆ. ಸೈಕಾಲಜಿ ಮೇಷ್ಟ್ರ ಮನೆಯಿಂದ ರೇಡಿಯೊ! ವಿಷಯ ಬಿಟ್ಟು ಎಲ್ಲೋ ಹೋದೆ, ಕ್ಷಮಿಸಿ.

ಈಗ ನಿಜವಾಗಿ ನೋಡಬೇಕಾದ ಪದಕ್ಕೆ ಬರ್ತೀನಿ, ‘ರಿಸರ್ಚ್’.

ಸೈಕಾಲಜಿ ಅಂದರೆ ಎದುರಿಗಿರೋರ ಮನಸ್ಸು ಓದೋದು ಅಂತ ತಿಳ್ಕೊಂಡು ಸೇರುವ ಮಕ್ಕಳೇ ಜಾಸ್ತಿ. ಎರಡನೇ ಸೆಮಿಸ್ಟರ್‌ಗೆ ಮುಖ ಸಪ್ಪಗಾಗುತ್ತೆ. ಯಾಕಂದರೆ ಅಷ್ಟೊತ್ತಿಗೆ ಸ್ಟ್ಯಾಟಿಸ್ಟಿಕ್ಸ್ ಶುರುವಾಗಿರುತ್ತೆ. ಈ ವಿಷಯದ ಬೆನ್ನೆಲುಬೇ ಲೆಕ್ಕ. ನಿಮಗೆ ಗೊತ್ತಿರುವ ಜಾಗದಿಂದಲೇ ಹೇಳ್ತೀನಿ.

ನಿಮ್ಮ ಯೂನಿಟ್‌ನಲ್ಲಿ ಹದಿನಾಲ್ಕು ಮಿಷಿನ್. ಮಧ್ಯಾಹ್ನ ಮೂರರ ಮೇಲೆ ಹೊಲಿಗೆ ತಪ್ಪು ಜಾಸ್ತಿ ಆಗುತ್ತೆ, ಪೀಸ್ ವಾಪಸ್ ಬರುತ್ತೆ ಅಂತ ನಿಮಗೆ ಅನ್ನಿಸಿರುತ್ತೆ. ‘ಊಟ ಆದ ಮೇಲೆ ಮೈ ಭಾರ’ ಅಂತ ನೀವೇ ಕಾರಣವನ್ನೂ ಹೇಳ್ತೀರಿ. ಸೈಕಾಲಜಿ ಓದಿದವಳು ಅಲ್ಲಿ ನಿಲ್ಲಲ್ಲ. ಮೊದಲು ನಿಜಕ್ಕೂ ಜಾಸ್ತಿ ಆಗುತ್ತಾ ಅಂತ ಎಣಿಸ್ತಾಳೆ. ಬೆಳಗ್ಗೆ ಎಷ್ಟು ಪೀಸು, ಎಷ್ಟು ತಪ್ಪು, ಮೂರರ ಮೇಲೆ ಎಷ್ಟು. ಆಮೇಲೆ ಒಂದು ವಾರ ಮೂರಕ್ಕೆ ಹತ್ತು ನಿಮಿಷ ಟೀ ಬಿಡುವು ಕೊಡಿ, ಒಂದು ವಾರ ಬೇಡ, ಹೀಗೆ ನಾಲ್ಕೈದು ಸಲ ಅದಲುಬದಲು ಮಾಡಿ ಅಂತಾಳೆ. ತಪ್ಪು ಕಡಿಮೆ ಆದರೆ ಟೀ ಕಾರಣವಾ? ಆ ವಾರ ಸ್ಟ್ರೆಚ್ ಬಟ್ಟೆ ಬಂದಿರಲಿಲ್ಲವಾ? ಕರೆಂಟು ಹೋಗಿರಲಿಲ್ಲವಾ? ಪೀಸ್ ರೇಟಿನ ಮೇಲೆ ಹೊಲಿಯೋರಿಗೂ ದಿನಗೂಲಿಯವರಿಗೂ ಒಂದೇ ಫಲವಾ? ಎಲ್ಲಕ್ಕಿಂತ ದೊಡ್ಡದು, ಓನರಮ್ಮ ನೋಟ್‌ಬುಕ್ ಹಿಡ್ಕೊಂಡು ಹಿಂದೆ ನಿಂತಿದ್ದಾರೆ ಅಂತಲೇ ಹುಷಾರಾಗಿ ಹೊಲಿದರಾ? ಈ ಕೊನೇ ಅನುಮಾನಕ್ಕೆ ಪುಸ್ತಕದಲ್ಲಿ ಒಂದು ಹೆಸರೇ ಇದೆ. ಶಿಕಾಗೊ ಪಕ್ಕದ ಹಾಥಾರ್ನ್ ಅನ್ನೋ ಕಾರ್ಖಾನೆಯಲ್ಲಿ 1924ರಿಂದ ಕೆಲವು ವರ್ಷ ಬೆಳಕು, ಬಿಡುವು ಎಲ್ಲ ಬದಲಿಸಿ ಬದಲಿಸಿ ನೋಡಿದರು. ನಮ್ಮನ್ನು ಯಾರೋ ಗಮನಿಸ್ತಿದ್ದಾರೆ ಅಂತ ಗೊತ್ತಾದರೇ ಕೆಲಸದ ರೀತಿ ಬದಲಾಗಬಹುದು ಅನ್ನೋ ಮಾತಿಗೆ ಆ ಕಾರ್ಖಾನೆಯ ಹೆಸರೇ ಅಂಟಿಕೊಂಡಿತು.

ಹೀಗೆ ಒಂದು ಅನಿಸಿಕೆಯನ್ನು ಹಿಡಿದು, ಅದು ಸುಳ್ಳಾಗಬಹುದಾದ ದಾರಿಗಳನ್ನೆಲ್ಲ ಹುಡುಕೋದೇ ರಿಸರ್ಚ್. ಮಗಳಿಗೆ ಇದನ್ನು ಓದಿ ತೋರಿಸಿ. ಕಣ್ಣು ಅರಳಿದರೆ ಸೇರಿಸಿ. ‘ಅಯ್ಯೋ ಲೆಕ್ಕನಾ’ ಅಂದರೆ ಇನ್ನೊಮ್ಮೆ ಕೂತು ಮಾತಾಡಿ.

ಇನ್ನೊಂದು ಉದಾಹರಣೆ ಕೊಡ್ತೀನಿ. ಇದು ನನಗೆ ತುಂಬಾ ಹತ್ತಿರದ ವಿಷಯ, ಸ್ವಲ್ಪ ಉದ್ದ ಆಗುತ್ತೆ. ಖಿನ್ನತೆ ಇದೆಯಾ ಅಂತ ನೋಡಲು ಪಿಎಚ್‌ಕ್ಯೂ-9 ಅನ್ನೋ ಒಂದು ಪುಟದ ಪ್ರಶ್ನಾವಳಿಯನ್ನು ಜಗತ್ತಿನಾದ್ಯಂತ ಬಳಸ್ತಾರೆ. ಒಂಬತ್ತು ಪ್ರಶ್ನೆ. ಕಳೆದ ಎರಡು ವಾರದಲ್ಲಿ ಇದೆಷ್ಟು ಕಾಡಿತು ಅಂತ ಕೇಳಿ, ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರರ ತನಕ ಅಂಕ. ಒಟ್ಟು 27. ಸುಲಭ ಅನ್ನಿಸುತ್ತೆ ಅಲ್ವಾ? ಈಗ ಅದನ್ನು ನಿಮ್ಮ ಓವರ್‌ಲಾಕ್ ಮಿಷಿನ್ ಮೇಲೆ ಕೂರುವ ಹೆಂಗಸಿಗೆ ಕೇಳಿ ನೋಡಿ. ‘ನಿಮಗೆ ಖಿನ್ನತೆ ಅನ್ನಿಸುತ್ತಾ’ ಅಂದರೆ ಅವಳು ನಿಮ್ಮ ಮುಖ ನೋಡ್ತಾಳೆ. ಆ ಪದ ಅವಳ ಬಾಯಲ್ಲಿ ಇಲ್ಲವೇ ಇಲ್ಲ. ‘ಬೇಸರ’ ಅಂದರೆ? ನಮ್ಮ ಬೇಸರ ಎಷ್ಟು ದೊಡ್ಡ ಚೀಲ ನೋಡಿ. ಕೆಲಸ ಇಲ್ಲದೆ ಕೂತರೂ ಬೇಸರ, ಗಂಡ ಬೈದರೂ ಬೇಸರ, ಸತ್ತವರ ನೆನಪಾದರೂ ಬೇಸರ, ಮೂರು ದಿನ ಅದೇ ಸಾರು ಉಂಡರೂ ಬೇಸರ. ಅವಳು ‘ಹ್ಞೂಂ, ಬ್ಯಾಸರ ಆಗ್ತದ’ ಅಂದಾಗ ನಾವು ಎಷ್ಟು ಅಂಕ ಹಾಕಬೇಕು? ಅವಳು ನಿಜವಾಗಿ ಹೇಳೋದು ಬೇರೆ ಥರ. ‘ಎದಿ ಉರಿತದ’, ‘ತಲಿ ಕಾಯ್ತದ’, ‘ಕೈಕಾಲಾಗ ಶಕ್ತಿನೇ ಇಲ್ಲ ನೋಡ್ರಿ’. ಅದನ್ನು ಕೇಳಿದ ಡಾಕ್ಟರು ಟಾನಿಕ್ ಬರೆದುಕೊಡ್ತಾರೆ. ಅವಳ ಪಕ್ಕದ ಮಿಷಿನ್ನಿನವಳು ಇದೇ ಸಂಕಟವನ್ನು ತೆಲುಗಿನಲ್ಲಿ ಹೇಳ್ತಾಳೆ, ಕಟಿಂಗ್ ಮಾಸ್ಟರು ನಮ್ಮ ಬಳ್ಳಾರಿ ಉರ್ದುವಿನಲ್ಲಿ ಹೇಳ್ತಾರೆ.

ಇದನ್ನು ಸರಿಮಾಡೋದು ಸುಮ್ನೆ ಅನುವಾದದ ಕೆಲಸ ಅಲ್ಲ. ಒಬ್ಬರು ಕನ್ನಡಕ್ಕೆ ತರಬೇಕು, ಮೂಲ ನೋಡಿರದ ಇನ್ನೊಬ್ಬರು ಅದನ್ನು ವಾಪಸ್ ಇಂಗ್ಲಿಷಿಗೆ ತಿರುಗಿಸಬೇಕು, ಎರಡೂ ಒಂದೇನಾ ಅಂತ ನೋಡಬೇಕು. ಆಮೇಲೆ ನೂರಾರು ಜನರಿಗೆ ಕೇಳಬೇಕು. ಸೈಕಿಯಾಟ್ರಿಸ್ಟ್ ಕೂತು ಮಾತಾಡಿ ಕೊಟ್ಟ ತೀರ್ಮಾನಕ್ಕೂ ಈ ಅಂಕಕ್ಕೂ ತಾಳೆ ಆಗುತ್ತಾ ಅಂತ ಲೆಕ್ಕ ಹಾಕಬೇಕು. ಹಿಂದೆ ವಿ.ವಿ. ಕಾಮತ್ ಇಂಥದ್ದೇ ಕೆಲಸ ಮಾಡಿದರು. ಫ್ರಾನ್ಸಿನ ಬಿನೆ ರೂಪಿಸಿದ ಬುದ್ಧಿ ಪರೀಕ್ಷೆಯನ್ನು ಕಳೆದ ಶತಮಾನದ 30ರ ದಶಕದಲ್ಲಿ ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿದರು. ಬಿನೆ-ಕಾಮತ್ ಪರೀಕ್ಷೆ ಅಂತ ಇವತ್ತಿಗೂ ಆಸ್ಪತ್ರೆಗಳಲ್ಲಿ ಬಳಸ್ತಾರೆ. ಆದರೆ ನಮ್ಮ ಕಲ್ಯಾಣ ಕರ್ನಾಟಕದ ಕನ್ನಡಕ್ಕೆ, ಇಲ್ಲಿಯ ಉರ್ದುವಿಗೆ, ಇಲ್ಲಿಯ ತೆಲುಗಿಗೆ ಆಗಬೇಕಾದ ಕೆಲಸ ರಾಶಿ ಬಿದ್ದಿದೆ. ಮೂರೂ ಭಾಷೆ ಮಾತಾಡ್ತಾ ಬೀದಿಯಲ್ಲೇ ಬೆಳೆದ ಹುಡುಗಿ ಇದನ್ನು ಮಾಡದೆ ಇನ್ಯಾರು ಮಾಡ್ತಾರೆ? ಬೆಂಗಳೂರಿನ ಕ್ಯಾಂಪಸ್ಸಿಗೆ ಕಾಲಿಟ್ಟ ಮೊದಲ ತಿಂಗಳು ಅವಳಿಗೆ ತನ್ನ ಇಂಗ್ಲಿಷ್ ಬಗ್ಗೆ, ತನ್ನ ‘ಹೌದ್ರಿ, ಇಲ್ರಿ’ ಬಗ್ಗೆ ನಾಚಿಕೆ ಆಗುತ್ತೆ. ನನಗೂ ಆಗಿತ್ತು. ಒಬ್ಬ ಲೆಕ್ಚರರ್ ಎಲ್ಲರೆದುರು ನನ್ನ ಉಚ್ಚಾರಣೆ ಆಡಿಕೊಂಡಿದ್ದರು. ಒಂದು ವಾರ ಬಾಯಿ ಬಿಟ್ಟಿರಲಿಲ್ಲ. ಆಮೇಲೆ ಪ್ರಾಜೆಕ್ಟಿಗೆ ಅಂತ ಹಳ್ಳಿಗೆ ಹೋದಾಗ ಜನ ಮಾತಾಡಿದ್ದು ನನ್ನೊಬ್ಬಳ ಹತ್ತಿರ ಮಾತ್ರ.

ಹಾಗಾದರೆ ಯೂನಿವರ್ಸಿಟಿಯಲ್ಲಿ ರಿಸರ್ಚ್ ಇದೆಯಾ ಅಂತ ತಿಳಿಯೋದು ಹೇಗೆ? ಅಮೆರಿಕದಲ್ಲಿ ಇದಕ್ಕೊಂದು ಅಳತೆ ಇದೆ. ವರ್ಷಕ್ಕೆ ಕನಿಷ್ಠ 5 ಕೋಟಿ ಡಾಲರ್ ಸಂಶೋಧನೆಗೆ ಖರ್ಚು ಮಾಡಿ, ಕನಿಷ್ಠ 70 ಜನರಿಗೆ ರಿಸರ್ಚ್ ಡಾಕ್ಟರೇಟ್ ಕೊಡುವ ಸಂಸ್ಥೆಗಳನ್ನು 2025ರ ಪಟ್ಟಿಯಿಂದ ಆರ್-1 ಅಂತ ಕರೀತಾರೆ. ನೋಟರ್ ಡೇಮ್, ಜಾರ್ಜ್‌ಟೌನ್, ಬಾಸ್ಟನ್ ಕಾಲೇಜ್ ಈ ಸಾಲಿನವು. ಕ್ಯಾಥೊಲಿಕ್ ಬೋರ್ಡು ಇರೋ ಎಲ್ಲ ಸಂಸ್ಥೆಗಳೂ ಹೀಗಿಲ್ಲ. ನಮ್ಮಲ್ಲಿ ಅಂಥ ಒಂದೇ ಗೆರೆ ಇಲ್ಲ. ಹೋಗಿ ಕೇಳಬೇಕು. ನಮ್ಮ ಕಡೆ ಪಾದ್ರಿಗಳು ನಡೆಸುವವುಗಳಲ್ಲಿ ಬೆಂಗಳೂರಿನ ಕ್ರೈಸ್ಟ್ ಕಾಲೇಜಾಗಿ ಶುರುವಾದದ್ದು 1969ರಲ್ಲಿ, ಡೀಮ್ಡ್ ಯೂನಿವರ್ಸಿಟಿ, ಅಂದರೆ ಕೇಂದ್ರದಿಂದ ಯೂನಿವರ್ಸಿಟಿ ಸ್ಥಾನ ಪಡೆದ ಸಂಸ್ಥೆ, ಆದದ್ದು 2008ರಲ್ಲಿ. ಸೇಂಟ್ ಜೋಸೆಫ್ಸ್ 1882ರ ಸಂಸ್ಥೆ, 2022ರಲ್ಲಿ ಯೂನಿವರ್ಸಿಟಿ ಆಯಿತು. ಮಂಗಳೂರಿನ ಅಲೋಶಿಯಸ್ 1880ರದ್ದು, 2024ರಲ್ಲಿ ಡೀಮ್ಡ್ ಆಯಿತು. ಹೆಸರು ಯಾವುದೇ ಇರಲಿ, ಅಡ್ಮಿಷನ್‌ಗೆ ಹೋದಾಗ ಕಟ್ಟಡ ನೋಡಿ ಬೆರಗಾಗಬೇಡಿ. ಸೈಕಾಲಜಿ ವಿಭಾಗದ ಬಾಗಿಲು ತಟ್ಟಿ ಕೇಳಿ. ಡಿಗ್ರಿ ಮಕ್ಕಳು ತಾವೇ ಒಂದು ಪ್ರಯೋಗ ಮಾಡಿ ಡಿಸರ್ಟೇಷನ್ ಬರೀತಾರಾ, ಇಲ್ಲಾ ಗೂಗಲ್ ಫಾರಂ ಹರಿಬಿಟ್ಟು ಸ್ನೇಹಿತರ ಕೈಲಿ ತುಂಬಿಸ್ತಾರಾ? ಮನುಷ್ಯರ ಮೇಲೆ ಅಧ್ಯಯನ ಮಾಡುವ ಮುಂಚೆ ಒಪ್ಪಿಗೆ ಕೊಡುವ ಎಥಿಕ್ಸ್ ಕಮಿಟಿ ಇದೆಯಾ? ಒಬ್ಬ ಗೈಡ್ ಕೈಕೆಳಗೆ ಎಷ್ಟು ಮಕ್ಕಳು? ಕೊನೇ ವರ್ಷದ ಮಗು ಒಂದನ್ನು ಕ್ಯಾಂಟೀನ್‌ನಲ್ಲಿ ಹಿಡಿದು ಮಾತಾಡಿಸಿ. ವಿಭಾಗದ ಮುಖ್ಯಸ್ಥರಿಗಿಂತ ಅದು ನಿಜ ಹೇಳುತ್ತೆ.

ಒಂದು ಮಾತನ್ನು ಒಪ್ಪಿಕೊಳ್ತೀನಿ. ಪಾದ್ರಿಗಳ ಸಂಸ್ಥೆಗಳಲ್ಲಿ ಶಿಸ್ತು ಜಾಸ್ತಿ. ಅಟೆಂಡೆನ್ಸ್, ಡ್ರೆಸ್ಸು, ಐಡಿ ಕಾರ್ಡು, ತಡವಾದರೆ ಗೇಟ್ ಬಂದ್. ಕೆಲವು ಮಕ್ಕಳಿಗೆ ಇದು ಉಸಿರು ಕಟ್ಟಿಸುತ್ತೆ. ನನಗೆ ಇದು ಅತಿ ಅನ್ನಿಸ್ತಿತ್ತು. ಈಗಲೂ ಅನ್ನಿಸುತ್ತೆ. ಆದರೆ ಪರೀಕ್ಷೆ ಹೇಳಿದ ದಿನ ನಡೆಯುತ್ತೆ, ರಿಸಲ್ಟ್ ಹೇಳಿದ ದಿನ ಬರುತ್ತೆ. ಡಿಗ್ರಿ ಸರ್ಟಿಫಿಕೇಟಿಗೆ ಕಾದು ಕಾದು ಅಡ್ಮಿಷನ್ ತಪ್ಪಿಸಿಕೊಂಡ ಮಕ್ಕಳನ್ನು ನೋಡಿರುವ ನಮ್ಮ ಭಾಗದವರಿಗೆ ಇದರ ಬೆಲೆ ಗೊತ್ತು.

ಇನ್ನು ಕೆಲಸ. ಕಟುವಾಗಿಯೇ ಹೇಳ್ತೀನಿ. ಬರೀ ಬಿ.ಎಸ್ಸಿ. ಸೈಕಾಲಜಿಗೆ ಕೆಲಸ ಇಲ್ಲ. ಎಚ್‌ಆರ್ ಕಡೆ ಹೋಗಬಹುದು, ಅಷ್ಟೇ. ಇದು ಮೂರು ವರ್ಷದ ಓದಲ್ಲ, ಏಳೆಂಟು ವರ್ಷದ ಓದು ಅಂತ ತಿಳ್ಕೊಂಡೇ ಹೆಜ್ಜೆ ಇಡಿ. ಎಂ.ಎ. ಅಥವಾ ಎಂ.ಎಸ್ಸಿ. ಆದ ಮೇಲೆ ಶಾಲಾ ಕೌನ್ಸೆಲರ್, ವ್ಯಸನಮುಕ್ತಿ ಕೇಂದ್ರ, ಎನ್‌ಜಿಒ ಕೆಲಸಗಳಿವೆ. ಲೆಕ್ಚರರ್ ಆಗೋಕೆ ಬರೆಯುವ ನೆಟ್ ಪರೀಕ್ಷೆ ಪಾಸಾದರೆ ಪಾಠ ಮಾಡಬಹುದು. ಆದರೆ ‘ಕ್ಲಿನಿಕಲ್ ಸೈಕಾಲಜಿಸ್ಟ್’ ಅಂತ ಬೋರ್ಡು ಹಾಕಬೇಕಾದರೆ ದೆಹಲಿಯ ಆರ್‌ಸಿಐ, ಅಂದರೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಆಗಲೇಬೇಕು. ಅದಕ್ಕೆ ಆರ್‌ಸಿಐ ಒಪ್ಪಿದ ಸಂಸ್ಥೆಯಲ್ಲೇ, ಆರ್‌ಸಿಐ ಒಪ್ಪಿದ ಕೋರ್ಸನ್ನೇ ಮಾಡಿರಬೇಕು. ಇಷ್ಟು ವರ್ಷ ಅದು ಎರಡು ವರ್ಷದ ಎಂ.ಫಿಲ್. ಆಗಿತ್ತು. ಯೂನಿವರ್ಸಿಟಿಗಳನ್ನು ನೋಡಿಕೊಳ್ಳುವ ಕೇಂದ್ರದ ಯುಜಿಸಿ 2022ರಲ್ಲಿ ಎಂ.ಫಿಲ್.ಗಳನ್ನು ನಿಲ್ಲಿಸಿತು, ಕ್ಲಿನಿಕಲ್ ಸೈಕಾಲಜಿ, ಸೈಕಿಯಾಟ್ರಿಕ್ ಸೋಷಿಯಲ್ ವರ್ಕ್ ಎರಡಕ್ಕೆ ಮಾತ್ರ 2025-26ರ ತನಕ ವಿನಾಯಿತಿ ಕೊಟ್ಟಿತು. ಅದರ ಜಾಗಕ್ಕೆ ಬೇರೆ ಕೋರ್ಸುಗಳು ಬರ್ತಿವೆ. ನಿಮ್ಮ ಮಗಳು ಆ ಮೆಟ್ಟಿಲಿಗೆ ಬರೋದು ಇನ್ನೂ ನಾಲ್ಕೈದು ವರ್ಷಕ್ಕೆ. ಆ ವರ್ಷದ ಆರ್‌ಸಿಐ ಪಟ್ಟಿ ನೋಡಿಯೇ ಫೀಸು ಕಟ್ಟಿ. ‘ನಮ್ಮದು ಆರ್‌ಸಿಐಗೆ ಸಮ’ ಅಂತ ಬಾಯಲ್ಲಿ ಹೇಳೋರನ್ನು ನಂಬಬೇಡಿ. ನನ್ನ ಒಬ್ಬ ವಿದ್ಯಾರ್ಥಿನಿ ಹಾಗೆ ನಂಬಿ ಎರಡು ವರ್ಷ ಕಳೆದುಕೊಂಡಳು.

ಯಾರಾದರೂ ‘ಮನೇಲೇ ಕೂತು ಕರೆಸ್ಪಾಂಡೆನ್ಸ್‌ನಲ್ಲಿ ಮಾಡಿಸಿ, ಅಗ್ಗ’ ಅಂದರೆ ಬೇಡ ಅನ್ನಿ. 2025ರಲ್ಲಿ ಯುಜಿಸಿ ಆನ್‌ಲೈನ್ ಮತ್ತು ದೂರಶಿಕ್ಷಣದಲ್ಲಿ ಸೈಕಾಲಜಿಗೆ ಹೊಸ ಅಡ್ಮಿಷನ್ ನಿಲ್ಲಿಸಿದೆ.

ಬಳ್ಳಾರಿಯಲ್ಲೇ ಕೆಲಸ ಅಂದಿರಲ್ಲ, ಮೊದಲು ಹೇಳಿದ ಕಥೆ ಇಲ್ಲಿ ವಾಪಸ್ ಬರುತ್ತೆ. ಜಿಲ್ಲಾ ಮಾನಸಿಕ ಆರೋಗ್ಯ ತಂಡದಲ್ಲಿ ಸೈಕಿಯಾಟ್ರಿಸ್ಟ್ ಜೊತೆ ಕ್ಲಿನಿಕಲ್ ಸೈಕಾಲಜಿಸ್ಟ್‌ಗೂ ಒಂದು ಜಾಗ ಇದೆ. ಬಳ್ಳಾರಿ, ರಾಯಚೂರು, ಕೊಪ್ಪಳ, ಮೂರೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜುಗಳಿವೆ. 2022ರಲ್ಲಿ ಶುರುವಾದ ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿಗೆ, ಅದೇ 14416, ಕನ್ನಡದಲ್ಲಿ ಮಾತಾಡೋರು ಬೇಕು. ಸರ್ಕಾರಿ ನೇಮಕಾತಿಯಲ್ಲಿ ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ ಸಂವಿಧಾನದ 371ಜೆ ನಮ್ಮ ಮಕ್ಕಳ ಕೈ ಹಿಡಿಯುತ್ತೆ, ಆ ಸರ್ಟಿಫಿಕೇಟ್ ಈಗಲೇ ಮಾಡಿಸಿಡಿ. ಖಾಸಗಿ ಡೀಮ್ಡ್ ಯೂನಿವರ್ಸಿಟಿಯ ಅಡ್ಮಿಷನ್‌ಗೆ ಮಾತ್ರ ಅದನ್ನು ನಂಬಿ ಕೂರಬೇಡಿ. ಸಂಬಳ ಶುರುವಿನಲ್ಲಿ ಎಂಜಿನಿಯರ್‌ಗಿಂತ ಕಡಿಮೆ. ಮೊದಲ ಐದು ವರ್ಷ ಯಜಮಾನರು ಗೊಣಗೋಕೆ ಕಾರಣ ಇರುತ್ತೆ.

ದುಡ್ಡಿನ ವಿಷಯ. ಬೆಂಗಳೂರಿನಲ್ಲಿ ಫೀಸಿನ ಜೊತೆ ಹಾಸ್ಟೆಲ್, ಪಿಜಿ ಖರ್ಚೂ ಕೈ ಕಚ್ಚುತ್ತೆ. ಎರಡನ್ನೂ ಕೂಡಿಸಿಯೇ ಲೆಕ್ಕ ಹಾಕಿ. ಅಮೆರಿಕದಲ್ಲಿ ಡಿಗ್ರಿ ಓದಿಸೋದಾದರೆ ಈ ಯೂನಿವರ್ಸಿಟಿಗಳಲ್ಲಿ ಊಟ, ವಸತಿ ಸೇರಿ ವರ್ಷಕ್ಕೆ 80 ಸಾವಿರ ಡಾಲರ್‌ಗೂ ಜಾಸ್ತಿ. ನಮ್ಮ ದುಡ್ಡಲ್ಲಿ 70 ಲಕ್ಷಕ್ಕೂ ಮೇಲೆ. ನಾಲ್ಕು ವರ್ಷಕ್ಕೆ ಗುಣಿಸಿದರೆ ಹದಿನಾಲ್ಕು ಮಿಷಿನ್ ಅಲ್ಲ, ನಾನೂರು ಮಿಷಿನ್ ಇದ್ದರೂ ಕಷ್ಟ. ನೋಟರ್ ಡೇಮ್ 2024ರಲ್ಲಿ ಒಂದು ಒಳ್ಳೇ ನಿರ್ಧಾರ ಪ್ರಕಟಿಸಿತು. ಅರ್ಜಿ ನೋಡುವಾಗ ವಿದೇಶಿ ಮಕ್ಕಳ ಮನೆಯ ದುಡ್ಡನ್ನೂ ನೋಡಲ್ಲ, ಸೀಟು ಸಿಕ್ಕರೆ ಕೊರತೆಯನ್ನು ತಾನೇ ತುಂಬುತ್ತೆ, ಅದನ್ನೂ ಸಾಲವಾಗಿ ಅಲ್ಲ. ಆದರೆ ಆ ಸೀಟು ಸಿಗೋದು ಅರ್ಜಿ ಹಾಕಿದ ಹತ್ತು ಜನರಲ್ಲಿ ಒಬ್ಬರಿಗೆ. ಹಾಕಲಿ, ಬೇಡ ಅನ್ನಬೇಡಿ. ಅದನ್ನೇ ನಂಬಿ ಬೆಂಗಳೂರಿನ ಅರ್ಜಿ ಬಿಡಬೇಡಿ.

ನನ್ನ ಸಲಹೆ ಕೇಳಿದರೆ ಡಿಗ್ರಿ, ಮಾಸ್ಟರ್ಸ್ ಇಲ್ಲೇ ಆಗಲಿ. ಸಿಕ್ಕರೆ ನಾಲ್ಕು ವರ್ಷದ ಆನರ್ಸ್‌ಗೇ ಸೇರಿಸಿ. ನಮ್ಮ ರಾಜ್ಯ ಸರ್ಕಾರ 2024ರಿಂದ ತನ್ನ ಕಾಲೇಜುಗಳಲ್ಲಿ ಮೂರು ವರ್ಷದ ಡಿಗ್ರಿಗೆ ವಾಪಸ್ ಹೋಗಿದೆ. ಹೊರದೇಶದ ಎಷ್ಟೋ ಯೂನಿವರ್ಸಿಟಿಗಳು ಒಂದನೇ ಕ್ಲಾಸಿನಿಂದ ಲೆಕ್ಕ ಹಾಕಿ ಹದಿನಾರು ವರ್ಷದ ಓದು ಕೇಳ್ತವೆ. ಅಮೆರಿಕಕ್ಕೆ ಪಿಎಚ್.ಡಿ.ಗೆ ಹೋಗಲಿ. ಅಲ್ಲಿ ಒಳ್ಳೇ ಸೈಕಾಲಜಿ ಪಿಎಚ್.ಡಿ.ಗಳಲ್ಲಿ ಸಾಮಾನ್ಯವಾಗಿ ಫೀಸು ಮಾಫಿ, ಮೇಲೆ ತಿಂಗಳ ಖರ್ಚಿಗೆ ಸ್ಟೈಪೆಂಡ್. ಐದಾರು ವರ್ಷ ಹಿಡಿಯುತ್ತೆ. ಸೈ.ಡಿ. (Psy.D.) ಅನ್ನೋ ಇನ್ನೊಂದು ಡಾಕ್ಟರೇಟ್ ಇದೆ, ಅದಕ್ಕೆ ಬಹುಪಾಲು ಸ್ವಂತ ದುಡ್ಡು. ಹೆಸರು ಹತ್ತಿರ ಹತ್ತಿರ ಇರೋದರಿಂದ ಏಜೆಂಟರು ಗೊಂದಲ ಮಾಡ್ತಾರೆ, ಹುಷಾರು. ಅಲ್ಲಿಯ ಕ್ಲಿನಿಕಲ್ ಡಿಗ್ರಿ ತಂದರೆ ಇಲ್ಲಿ ಆರ್‌ಸಿಐ ನೋಂದಣಿ ತಾನಾಗೇ ಆಗಿಬಿಡಲ್ಲ ಅನ್ನೋದೂ ನೆನಪಿರಲಿ. ಬಳ್ಳಾರಿಗೆ ಬಂದು ಕ್ಲಿನಿಕ್ ಹಾಕಬೇಕು ಅನ್ನೋದೇ ಗುರಿಯಾದರೆ ಅಮೆರಿಕ ಬೇಕಾಗಿಯೇ ಇಲ್ಲ. ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಸಾಕು. ಪರೀಕ್ಷೆ ಕಟ್ಟೋದು, ಹೊಸದು ಕಂಡುಹಿಡಿಯೋದು ಅವಳ ಆಸೆಯಾದರೆ ಆಗ ಅಮೆರಿಕದ ಮಾತು. ಎರಡರಲ್ಲಿ ಯಾವುದು ಅಂತ ಹದಿನೇಳರ ಹುಡುಗಿಗೆ ಈಗಲೇ ಗೊತ್ತಾಗಬೇಕಿಲ್ಲ.

ರೊಟ್ಟಿ ವಿಷಯ. ಸಿಗಲ್ಲ ಅಕ್ಕ. ಚಪಾತಿ ಸಿಗುತ್ತೆ, ಅದೂ ಚರ್ಮದ ಹಾಗೆ. ಉಳಿದದ್ದು ಅನ್ನ, ಸಾಂಬಾರು, ವಾರಕ್ಕೆರಡು ಸಲ ಕೇರಳದ ಕಡಲೆ ಕರಿ. ಖಡಕ್ ಜೋಳದ ರೊಟ್ಟಿ ಮಾಡಿಸಿ ಡಬ್ಬಿ ತುಂಬಾ ಕಳಿಸಿ, ಒಂದು ತಿಂಗಳು ಕೆಡಲ್ಲ. ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಬೇರೆ ಬೇರೆ ಕಟ್ಟಿ. ನೀವು ತಿಂಗಳಿಗೆ ಅಂತ ಕಳಿಸಿದ್ದು ಒಂದೇ ವಾರಕ್ಕೆ ಖಾಲಿ ಅಂತ ಫೋನ್ ಬರುತ್ತೆ. ರೂಂಮೇಟ್‌ಗಳು ಬಿಡಲ್ಲ. ಎರಡು ಡಬ್ಬಿ ಕಳಿಸಿಬಿಡಿ.